‘ಇನ್‌ಕ್ರೆಡ್ಯುಲಸ್’ ಪದ ವಾಕ್ಯದಲ್ಲಿ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಕಂಡುಹಿಡಿಯುವ ಕೈಪಿಡಿ

ಬಸವನಗುಡಿಯಲ್ಲಿ ಸಂಜೆ ಹೊತ್ತು ನಾನು ನಡೆಸುವ ಇಂಗ್ಲಿಷ್ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ, ಈಗ ನಗರದ ಕಚೇರಿಗಳಲ್ಲಿ ದಿನವಿಡೀ ಇಂಗ್ಲಿಷಿನಲ್ಲಿ ಮೇಲ್ ಬರೆಯುವವರು. ಅವರ ಬರಹ ತಿದ್ದುವಾಗ ಮತ್ತೆ ಮತ್ತೆ ಎದುರಾಗುವ ಒಂದು ಪದ ‘ಇನ್‌ಕ್ರೆಡ್ಯುಲಸ್’. ಕಾಗುಣಿತ ಸರಿಯಿರುತ್ತದೆ, ವ್ಯಾಕರಣವೂ ಸರಿಯಿರುತ್ತದೆ, ಆದರೂ ವಾಕ್ಯ ಬರೆದವರು ಅಂದುಕೊಂಡದ್ದಕ್ಕಿಂತ ಬೇರೆಯದನ್ನೇ ಹೇಳುತ್ತಿರುತ್ತದೆ. ಹೊರಗೆ ಏನೂ ಕಾಣಿಸದ ಇಂಥ ದೋಷವನ್ನು ಹಿಡಿಯಲು ಎಲ್ಲಿಂದ ಶುರುಮಾಡಬೇಕು, ಯಾವ ಲಕ್ಷಣಕ್ಕೆ ಯಾವ ಕಾರಣ, ಯಾವಾಗ ಕೈಬಿಟ್ಟು ಬಲ್ಲವರನ್ನು ಕೇಳಬೇಕು ಎಂಬುದನ್ನು ಸುಲಭದಿಂದ ಕಷ್ಟದ ಕಡೆಗೆ ಇಲ್ಲಿ ಬರೆದಿದ್ದೇನೆ.

ಮೊದಲಿಗೆ, ಪದದ ಸರಿಯಾದ ಅರ್ಥ. ಕೇಳಿದ್ದನ್ನೋ ಕಂಡದ್ದನ್ನೋ ನಂಬಲಾರದ ಸ್ಥಿತಿಯಲ್ಲಿರುವ ವ್ಯಕ್ತಿಗೆ ಈ ವಿಶೇಷಣ ಸಲ್ಲುತ್ತದೆ. ಇದರ ಪಕ್ಕದ ಮನೆಯ ಪದ ‘ಇನ್‌ಕ್ರೆಡಿಬಲ್’ ಸಲ್ಲುವುದು ಆ ವ್ಯಕ್ತಿಗೆ ನಂಬಲು ಕಷ್ಟವಾದ ಸಂಗತಿಗೆ. ಒಂದು ಪದ ಕೇಳುವವರ ಕಡೆಯದು, ಇನ್ನೊಂದು ಸುದ್ದಿಯ ಕಡೆಯದು. ಎರಡೂ ‘ನಂಬು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದಿವೆ. ಕ್ರೆಡಿಟ್ ಕಾರ್ಡಿನ ‘ಕ್ರೆಡಿಟ್’ ಕೂಡ ಅದೇ ಬೇರಿನದು. ನಮ್ಮ ‘ಶ್ರದ್ಧೆ’ಯೂ ಆ ಲ್ಯಾಟಿನ್ ಪದವೂ ಒಂದೇ ಮೂಲದವು ಎಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಹಾಗೆಂದು ‘ಅಶ್ರದ್ಧೆ’ ಎಂದು ಅನುವಾದಿಸಲು ಬಾರದು, ಏಕೆಂದರೆ ಇಂದಿನ ಕನ್ನಡದಲ್ಲಿ ಅಶ್ರದ್ಧೆಯೆಂದರೆ ಕೆಲಸದಲ್ಲಿ ತೋರುವ ಅಸಡ್ಡೆ.

ಎಲ್ಲಕ್ಕಿಂತ ಮೊದಲ ಪರೀಕ್ಷೆ: ನಂಬದೆ ಇರುವುದು ಯಾರು?

ನಿಘಂಟು ತೆರೆಯುವ ಮೊದಲು, ಯಾರನ್ನೂ ಕೇಳುವ ಮೊದಲು, ಆ ಪದ ಯಾವ ನಾಮಪದಕ್ಕೆ ಅಂಟಿಕೊಂಡಿದೆ ಎಂದು ನೋಡಿ, ‘ಇಲ್ಲಿ ನಂಬದೆ ಇರುವುದು ಇವರೇನಾ?’ ಎಂದು ಕೇಳಿಕೊಳ್ಳಬೇಕು. ಹೌದಾದರೆ ಇನ್‌ಕ್ರೆಡ್ಯುಲಸ್ ಸರಿಯಾದ ಜಾಗದಲ್ಲಿದೆ. ಇಲ್ಲವಾದರೆ ದೋಷ ಸಿಕ್ಕಿತು. ನಾನು ಕಂಡ ತಪ್ಪುಗಳಲ್ಲಿ ಬಹುಪಾಲು ಈ ಒಂದೇ ಪ್ರಶ್ನೆಗೆ ಬಗ್ಗಿವೆ.

ಇದನ್ನು ಕಪ್ಪು ಹಲಗೆಯ ಮೇಲೆ ಹೇಳಿದರೆ ತಲೆಗೆ ಹತ್ತುವುದಿಲ್ಲವೆಂದು ಒಂದು ಭಾನುವಾರ ಬೆಳಿಗ್ಗೆ ತರಗತಿಯವರನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ಎಲ್ಲರೂ ಕುಳಿತಿದ್ದಾಗ, ‘ನೀವು ಕುಳಿತಿರುವ ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ’ ಎಂದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹುಡುಗ ತಾನು ಕುಳಿತಿದ್ದ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿ, ನನ್ನ ಮುಖ ನೋಡಿ, ‘ಬಿಡಿ ಸಾರ್, ಕೋಟಿನಾ?’ ಎಂದ. ಹುಬ್ಬು ಮೇಲೇರಿತ್ತು, ಬಾಯಿ ಅರ್ಧ ತೆರೆದಿತ್ತು, ನಾನು ತಮಾಷೆ ಮಾಡುತ್ತಿದ್ದೇನೆಯೇ ಎಂದು ಕಣ್ಣು ಹುಡುಕುತ್ತಿತ್ತು. ಆ ಹುಡುಗ ಇನ್‌ಕ್ರೆಡ್ಯುಲಸ್. ಕಲ್ಲಿನ ವಯಸ್ಸು ಇನ್‌ಕ್ರೆಡಿಬಲ್. ಭೂವೈಜ್ಞಾನಿಕ ಸ್ಮಾರಕವೆಂಬ ಫಲಕವನ್ನು ಓದಿ ಬಂದ ಮೇಲೆ ಅವನು ನಂಬಿದ, ಅಂದರೆ ಅವನ ಮಟ್ಟಿಗೆ ಮೊದಲ ಪದ ಮುಗಿದುಹೋಯಿತು. ವಯಸ್ಸು ಮಾತ್ರ ಇಂದಿಗೂ ಇನ್‌ಕ್ರೆಡಿಬಲ್ ಆಗಿಯೇ ಇದೆ. ಇನ್‌ಕ್ರೆಡ್ಯುಲಸ್ ಎಂಬುದು ಸಾಮಾನ್ಯವಾಗಿ ಹೀಗೆ ಬಂದುಹೋಗುವ ಗಳಿಗೆ, ಮುಖದಲ್ಲಿ ಕಾಣುವ ಗಳಿಗೆ. ಒಂದು ಸಂಗತಿ ನಿಜವಾಗಿದ್ದೂ ಇನ್‌ಕ್ರೆಡಿಬಲ್ ಆಗಿರಬಹುದು ಎಂಬುದನ್ನೂ ಇಲ್ಲಿಯೇ ಗಮನಿಸಬೇಕು.

ಲಕ್ಷಣ: ಹೊಗಳಿ ಬರೆದಿರಿ, ಆದರೆ ಓದಿದವರಿಗೆ ಹೊಗಳಿಕೆ ಮುಟ್ಟಲಿಲ್ಲ

ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ನನ್ನ ಒಬ್ಬ ವಿದ್ಯಾರ್ಥಿನಿ, ನಿವೃತ್ತರಾಗುತ್ತಿದ್ದ ತಮ್ಮ ಮೇಲಧಿಕಾರಿಗೆ ಕೊಡುವ ಕಾರ್ಡಿನಲ್ಲಿ ‘ಯು ಆರ್ ಆನ್ ಇನ್‌ಕ್ರೆಡ್ಯುಲಸ್ ಲೀಡರ್’ ಎಂದು ನೀಲಿ ಶಾಯಿಯಲ್ಲಿ ಮುದ್ದಾಗಿ ಬರೆದಿದ್ದರು. ಆ ಹಿರಿಯರು ಅದನ್ನು ಎರಡು ಸಲ ಓದಿ, ಬೇಸರವಿಲ್ಲದ ದನಿಯಲ್ಲಿ, ‘ನಾನು ಯಾವುದನ್ನು ನಂಬಲಿಲ್ಲಮ್ಮಾ?’ ಎಂದು ಕೇಳಿದರಂತೆ. ಮರುದಿನ ಸಂಜೆ ವಿದ್ಯಾರ್ಥಿನಿ ಆ ಕಾರ್ಡನ್ನು ತರಗತಿಗೆ ತಂದಿದ್ದರು. ಆ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ತಾನು ಗೌರವಿಸುವವರ ಮನಸ್ಸಿಗೆ ತನ್ನಿಂದ ನೋವಾಯಿತೇನೋ ಎಂಬ ಸಂಕಟ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಈ ಲಕ್ಷಣ ಕಂಡರೆ ಕಾರಣ ಹೆಚ್ಚುಕಡಿಮೆ ಖಚಿತ: ನೀವು ಬಯಸಿದ್ದು ಇನ್‌ಕ್ರೆಡಿಬಲ್. ಆ ಪದ ಇಂದು ‘ನಂಬಲು ಕಷ್ಟವಾದ’ ಎಂಬಲ್ಲಿಂದ ‘ಅದ್ಭುತವಾದ’ ಎಂಬಲ್ಲಿಗೆ ಬಂದು ಹೊಗಳಿಕೆಯ ಮಾತಾಗಿದೆ. ಇನ್‌ಕ್ರೆಡ್ಯುಲಸ್‌ಗೆ ಹೊಗಳುವ ಅರ್ಥವೇ ಇಲ್ಲ. ಯಾವುದು ಯಾವುದೆಂದು ಮರೆತುಹೋದರೆ, ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2002ರಲ್ಲಿ ಆರಂಭಿಸಿದ ‘ಇನ್‌ಕ್ರೆಡಿಬಲ್ ಇಂಡಿಯಾ’ ಪ್ರಚಾರವನ್ನು ನೆನಪಿಸಿಕೊಳ್ಳಬಹುದು. ಅಲ್ಲಿ ಹೊಗಳಿಸಿಕೊಳ್ಳುತ್ತಿರುವುದು ದೇಶ; ನೋಡಿ ಬೆರಗಾಗುವವನು ಪ್ರವಾಸಿ.

ಪದ ಬದಲಿಸಿದರೆ ದೋಷ ಹೋಗುತ್ತದೆ ನಿಜ, ಆದರೆ ನನ್ನ ಅಭಿಪ್ರಾಯದಲ್ಲಿ ದುರಸ್ತಿ ಅಲ್ಲಿಗೆ ನಿಲ್ಲಬಾರದು. ಕಚೇರಿಯ ಮೇಲ್‌ಗಳಲ್ಲಿ ಇನ್‌ಕ್ರೆಡಿಬಲ್ ಎಷ್ಟು ಸವೆದಿದೆಯೆಂದರೆ, ಅದನ್ನು ಓದಿದವರಿಗೆ ಏನೂ ಅನ್ನಿಸುವುದಿಲ್ಲ. ಅವರು ಏನು ಮಾಡಿದರೆಂದು ನಿಮಗೆ ಗೊತ್ತಿದ್ದರೆ ಅದನ್ನೇ ಬರೆಯಿರಿ.

ಲಕ್ಷಣ: ಕಂಪ್ಯೂಟರ್ ಕೆಂಪು ಗೆರೆ ಹಾಕಲಿಲ್ಲ, ಫೋನೇ ಈ ಪದವನ್ನು ಕೊಟ್ಟಿತು

ಎರಡೂ ಪದಗಳ ಮೊದಲ ಆರು ಅಕ್ಷರಗಳು ಒಂದೇ: ಐ, ಎನ್, ಸಿ, ಆರ್, ಇ, ಡಿ. ಏಳನೆಯದರಲ್ಲಿ ದಾರಿ ಕವಲೊಡೆಯುತ್ತದೆ. ಅಲ್ಲಿ ‘ಯು’ ಬಂದರೆ ಇನ್‌ಕ್ರೆಡ್ಯುಲಸ್, ‘ಐ’ ಬಂದರೆ ಇನ್‌ಕ್ರೆಡಿಬಲ್. ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ನಿಂತು ಒಂದು ಕೈಯಲ್ಲಿ ಟೈಪ್ ಮಾಡುವಾಗ ಆರು ಅಕ್ಷರ ಒತ್ತಿ, ಮೇಲೆ ಕಂಡ ಸಲಹೆಯನ್ನು ಮುಟ್ಟಿಬಿಟ್ಟರೆ ತಪ್ಪು ಪದ ಒಳಹೊಕ್ಕಿರುತ್ತದೆ. ಎರಡೂ ನಿಜವಾದ ಇಂಗ್ಲಿಷ್ ಪದಗಳಾದ್ದರಿಂದ ಕಾಗುಣಿತ ನೋಡುವ ತಂತ್ರಾಂಶ ಸುಮ್ಮನಿರುತ್ತದೆ. ಅದರ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು. ಕಳಿಸುವ ಮೊದಲು ಏಳನೆಯ ಅಕ್ಷರ ನೋಡಿ.

ಉಚ್ಚಾರಣೆಯಲ್ಲಿ ಒತ್ತು ಎರಡನೆಯ ಭಾಗವಾದ ‘ಕ್ರೆ’ ಮೇಲೆ ಬೀಳುತ್ತದೆ. ಅಮೆರಿಕದವರು ‘ಇನ್‌ಕ್ರೆಜುಲಸ್’ ಎಂಬಂತೆ ಹೇಳುವುದರಿಂದ, ಕಾಲ್‌ನಲ್ಲಿ ಕೇಳಿದವರಿಗೆ ಅದು ಬೇರೆ ಪದವೆಂದು ತೋರಬಹುದು. ನಾಮಪದ ‘ಇನ್‌ಕ್ರೆಡ್ಯೂಲಿಟಿ’ಯಲ್ಲಿ ಒತ್ತು ‘ಡ್ಯೂ’ ಮೇಲೆ.

ಲಕ್ಷಣ: ಪದ ವಸ್ತುವಿಗೆ ಅಂಟಿದೆ, ಆದರೂ ಕೆಲವೊಮ್ಮೆ ಸರಿ ಎನ್ನುತ್ತಾರೆ, ಕೆಲವೊಮ್ಮೆ ತಪ್ಪು ಎನ್ನುತ್ತಾರೆ

‘ಇನ್‌ಕ್ರೆಡ್ಯುಲಸ್ ನ್ಯೂಸ್’, ‘ಇನ್‌ಕ್ರೆಡ್ಯುಲಸ್ ಪ್ರೈಸ್’, ‘ಇನ್‌ಕ್ರೆಡ್ಯುಲಸ್ ಟ್ರಾಫಿಕ್’ ಇವೆಲ್ಲ ತಪ್ಪು. ಆದರೆ ‘ಇನ್‌ಕ್ರೆಡ್ಯುಲಸ್ ಲುಕ್’, ‘ಇನ್‌ಕ್ರೆಡ್ಯುಲಸ್ ಟೋನ್’ ಎಂಬ ಪ್ರಯೋಗಗಳನ್ನು ಒಳ್ಳೆಯ ಇಂಗ್ಲಿಷಿನಲ್ಲಿಯೇ ಕಾಣುತ್ತೇವೆ. ಮೊದಲ ಪರೀಕ್ಷೆಯನ್ನು ಕಟ್ಟುನಿಟ್ಟಾಗಿ ಮಾಡಿದವರು ಇಲ್ಲಿ ಸರಿಯಿದ್ದದ್ದನ್ನೂ ತಿದ್ದಿ ಕೆಡಿಸುತ್ತಾರೆ.

ನೋಟ, ದನಿ, ನಗು, ಒಂದು ಗಳಿಗೆಯ ಮೌನ ಇವು ವ್ಯಕ್ತಿಯಿಂದ ಹೊರಟವು. ಆ ವ್ಯಕ್ತಿಯ ನಂಬಲಾರದ ಸ್ಥಿತಿಯನ್ನು ಅವು ಹೊತ್ತು ತರುತ್ತವೆ, ಆದ್ದರಿಂದ ವಿಶೇಷಣವನ್ನೂ ಹೊರಬಲ್ಲವು. ಸುದ್ದಿ, ಬೆಲೆ, ಟ್ರಾಫಿಕ್ ವ್ಯಕ್ತಿಯ ಎದುರಿಗೆ ಬಂದು ನಿಲ್ಲುವಂಥವು. ಮಲ್ಲೇಶ್ವರದಿಂದ ಗಾಂಧಿ ಬಜಾರಿಗೆ ಹೋಗಲು ಆಟೋ ಚಾಲಕರು ಕೇಳಿದ ಬಾಡಿಗೆ ಎಷ್ಟೇ ಹೆಚ್ಚಿರಲಿ, ಬಾಡಿಗೆ ಇನ್‌ಕ್ರೆಡ್ಯುಲಸ್ ಆಗಲಾರದು. ಅದನ್ನು ಕೇಳಿ ಚೀಲವನ್ನು ಕೆಳಗಿಟ್ಟು ನಿಂತ ಅಜ್ಜಿಯ ನೋಟ ಆಗಬಲ್ಲದು. ‘ಇದು ವ್ಯಕ್ತಿಯಿಂದ ಹೊರಟದ್ದೇ, ವ್ಯಕ್ತಿಯ ಎದುರಿಗೆ ಬಂದದ್ದೇ?’ ಎಂಬುದು ಈ ಹಂತದ ಪ್ರಶ್ನೆ.

ಸಾಹಿತ್ಯ ಓದಿದ ವಿದ್ಯಾರ್ಥಿಗಳು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ. ಶೇಕ್ಸ್‌ಪಿಯರ್‌ನ ‘ಟ್ವೆಲ್ಫ್ತ್ ನೈಟ್’ ನಾಟಕದ ಮೂರನೆಯ ಅಂಕದ ನಾಲ್ಕನೆಯ ದೃಶ್ಯದಲ್ಲಿ ಮಾಲ್ವೋಲಿಯೊ ಈ ಪದವನ್ನು ಸನ್ನಿವೇಶಕ್ಕೆ, ‘ನಂಬಲು ಕಷ್ಟವಾದ’ ಎಂಬ ಅರ್ಥದಲ್ಲಿಯೇ ಬಳಸುತ್ತಾನೆ. ಆಕ್ಷೇಪ ನ್ಯಾಯವಾದದ್ದು, ಕೆಲವು ದೊಡ್ಡ ನಿಘಂಟುಗಳು ಆ ಅರ್ಥವನ್ನೂ ದಾಖಲಿಸುತ್ತವೆ. ಆದರೂ ಇಂದು ನಿಮ್ಮ ಅರ್ಜಿಯನ್ನು ಓದುವ ಅಧಿಕಾರಿ ಅದನ್ನು ತಪ್ಪೆಂದೇ ಎಣಿಸುತ್ತಾರೆ, ಆಗ ನಾಟಕದ ಅಂಕ, ದೃಶ್ಯಗಳನ್ನು ವಿವರಿಸಲು ನೀವು ಅವರ ಎದುರು ಇರುವುದಿಲ್ಲ.

ಲಕ್ಷಣ: ಕನ್ನಡಕ್ಕೆ ತಂದಾಗ, ಅಥವಾ ಕನ್ನಡದಿಂದ ಒಯ್ದಾಗ, ಅರ್ಥ ತಲೆಕೆಳಗಾಗುತ್ತದೆ

ದೋಷದ ಬೇರು ಇಲ್ಲಿದೆ ಎಂದು ನಾನು ನಂಬಿದ್ದೇನೆ. ನಮ್ಮವರು ಈ ಪದದಲ್ಲಿ ಎಡವುವುದಕ್ಕೆ ಇಂಗ್ಲಿಷ್ ಬಾರದಿರುವುದು ಕಾರಣವಲ್ಲ. ಇಂಗ್ಲಿಷ್ ಎರಡು ಪದಗಳಲ್ಲಿ ಬೇರ್ಪಡಿಸಿಟ್ಟದ್ದನ್ನು ಕನ್ನಡ ಒಂದೇ ಕೃದಂತದಲ್ಲಿ ಸಲೀಸಾಗಿ ಹೇಳಿಬಿಡುತ್ತದೆ.

‘ನಂಬಿದವರು’ ಎಂಬ ಪದವನ್ನೇ ತೆಗೆದುಕೊಳ್ಳಿ. ‘ದೇವರನ್ನು ನಂಬಿದವರು’ ಎಂದಾಗ ನಂಬಿಕೆ ಇಟ್ಟವರು ಅವರೇ. ‘ನಂಬಿದವರೇ ಕೈಕೊಟ್ಟರು’ ಎಂದಾಗ ನಂಬಿಕೆ ಇಟ್ಟವರು ನಾವು, ಅವರು ನಂಬಿಸಿಕೊಂಡವರು. ಪದ ಒಂದೇ, ಆದರೆ ಒಂದು ಕಡೆ ಕರ್ತೃ, ಇನ್ನೊಂದು ಕಡೆ ಕರ್ಮ. ಯಾರು ನಂಬಿದರು, ಯಾರನ್ನು ನಂಬಲಾಯಿತು ಎಂಬುದನ್ನು ಕೃದಂತ ಹೇಳುವುದಿಲ್ಲ. ಸುತ್ತಲಿನ ಮಾತು ಹೇಳುತ್ತದೆ, ನಮ್ಮ ಕಿವಿ ತಿಳಿದುಕೊಳ್ಳುತ್ತದೆ. ‘ನಂಬದ ಹುಡುಗ’, ‘ಯಾರೂ ನಂಬದ ಸುದ್ದಿ’ ಇವೆರಡರಲ್ಲೂ ಇರುವುದು ಅದೇ ‘ನಂಬದ’. ಹುಟ್ಟಿದಂದಿನಿಂದ ಹೀಗೆ ಮಾತನಾಡಿದವರಿಗೆ, ಇಂಗ್ಲಿಷ್ ಎರಡು ಬಾಗಿಲು ತೋರಿಸಿ ಒಂದನ್ನು ಆರಿಸಿಕೊಳ್ಳಿ ಎಂದಾಗ ಕೈ ತಡವರಿಸುವುದು ಸಹಜ. ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ ಎಂದು ನಾನು ತರಗತಿಯಲ್ಲಿ ಪ್ರತಿ ವರ್ಷವೂ ಹೇಳುತ್ತೇನೆ.

ಪರಿಹಾರವೂ ಕನ್ನಡದಲ್ಲಿಯೇ ಇದೆ. ‘ನಂಬಲಾರದ’ ಮತ್ತು ‘ನಂಬಲಾಗದ’ ಎಂಬ ಎರಡು ರೂಪಗಳನ್ನು ಗಮನಿಸಿ. ‘ನಾನು ನಂಬಲಾರೆ’, ‘ಅವಳು ನಂಬಲಾರಳು’ ಎನ್ನುತ್ತೇವೆ. ಈ ಕ್ರಿಯಾಪದಕ್ಕೆ ವ್ಯಕ್ತಿಯೇ ಕರ್ತೃ. ‘ಇದು ನಂಬಲಾಗದು’ ಎಂದಾಗ ಮಾತು ಸಂಗತಿಯ ಮೇಲಿರುತ್ತದೆ. ಹಾಗಾಗಿ ಇನ್‌ಕ್ರೆಡ್ಯುಲಸ್‌ಗೆ ‘ನಂಬಲಾರದ’, ಇನ್‌ಕ್ರೆಡಿಬಲ್‌ಗೆ ‘ನಂಬಲಾಗದ’ ಎಂದು ಜೋಡಿ ಮಾಡಿಟ್ಟುಕೊಳ್ಳಿ. ಪತ್ರಿಕೆಗಳಲ್ಲಿ, ಮಾತಿನಲ್ಲಿ ಇವು ಬೆರೆತುಹೋಗಿವೆ, ‘ನಂಬಲಾರದ ಸುದ್ದಿ’ ಎಂದರೆ ಯಾರೂ ತಪ್ಪು ಹಿಡಿಯುವುದಿಲ್ಲ, ಆದರೂ ಅನುವಾದದ ಮೇಜಿನ ಮೇಲೆ ಈ ಭೇದವನ್ನು ಉಳಿಸಿಕೊಂಡರೆ ಬಹಳ ಉಪಕಾರವಾಗುತ್ತದೆ. ಅನುವಾದದ ಆ್ಯಪ್ ಎರಡೂ ಪದಗಳಿಗೆ ‘ನಂಬಲಾಗದ’ ಎಂದೇ ಕೊಟ್ಟರೆ ಒಪ್ಪಬೇಡಿ. ‘ಇನ್‌ಕ್ರೆಡ್ಯುಲಸ್ ಮ್ಯಾನ್’ ಎಂಬುದು ‘ನಂಬಲಾಗದ ಮನುಷ್ಯ’ ಆಗಿಬಿಟ್ಟರೆ, ಸುಮ್ಮನೆ ಬೆರಗಾಗಿ ನಿಂತಿದ್ದವನು ಮೋಸಗಾರನಾಗುತ್ತಾನೆ.

ನಿಘಂಟಿನಲ್ಲಿ ಸಿಗುವ ಇನ್ನೆರಡು ಪದಗಳ ಬಗ್ಗೆಯೂ ಎಚ್ಚರ ಬೇಕು. ‘ಅಪನಂಬಿಕೆ’ ಎಂದರೆ ಒಬ್ಬರ ನಡತೆಯ ಮೇಲೆ ನಂಬಿಕೆ ಇಲ್ಲದಿರುವುದು. ಅಣ್ಣತಮ್ಮಂದಿರ ನಡುವೆ ಆಸ್ತಿಯ ವಿಷಯದಲ್ಲಿ ಹುಟ್ಟುವಂಥದ್ದು. ‘ಅವಿಶ್ವಾಸ’ವಂತೂ ವಿಧಾನಸೌಧದ ಅವಿಶ್ವಾಸ ನಿರ್ಣಯದ ಜೊತೆಗೇ ಕಿವಿಗೆ ಬೀಳುತ್ತದೆ. ಕಥೆಯಲ್ಲಿ ಒಬ್ಬಳು ‘ಇನ್‌ಕ್ರೆಡ್ಯುಲಸ್’ ಆಗಿ ನೋಡಿದಳೆಂದಿದ್ದರೆ ವಿಶೇಷಣವನ್ನು ಬಿಟ್ಟು ಕ್ರಿಯೆಗೆ ತಿರುಗಿಸುವುದು ಲೇಸು: ‘ನಂಬಿಕೆ ಬಾರದವಳಂತೆ ನೋಡಿದಳು’, ‘ನಿಜವೇ ಎಂಬಂತೆ ಹುಬ್ಬೇರಿಸಿದಳು’. ಕನ್ನಡದ ಶಕ್ತಿ ಇರುವುದು ಕ್ರಿಯಾಪದದಲ್ಲಿ.

ಲಕ್ಷಣ: ಜಾಗ ಸರಿ, ಅರ್ಥವೂ ಸರಿ, ಆದರೆ ಮಾತು ಹೆಚ್ಚು ಬಿರುಸಾಯಿತು

ಬಾಡಿಗೆ ಮನೆಯ ವಿಷಯವೊಂದನ್ನೇ ಇಟ್ಟುಕೊಂಡು ತೂಕ ನೋಡಬಹುದು. ಬೇರೆ ಊರಿಂದ ಬಂದವರಿಗೆ ‘ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್’ ಎಂದಾಗ ಅವರು ಬಾಯಿ ಬಿಟ್ಟು ನಿಲ್ಲುತ್ತಾರಲ್ಲ, ಅದು ಇನ್‌ಕ್ರೆಡ್ಯುಲಸ್. ಖಾಲಿ ಮಾಡುವ ದಿನವೇ ಹಣ ಹಿಂದಿರುಗಿಸುತ್ತೇವೆ ಎಂದು ಮಾಲೀಕರು ಹೇಳಿದಾಗ, ‘ಬರಹದಲ್ಲಿ ಕೊಡಿ’ ಎಂದು ಆಧಾರ ಕೇಳುವ ಮನೋಭಾವ ಸ್ಕೆಪ್ಟಿಕಲ್. ಆ ಹಣ ಬರುವುದೋ ಇಲ್ಲವೋ ಎಂಬ ಅನಿಶ್ಚಯ ಡೌಟ್‌ಫುಲ್. ಬಣ್ಣ ಬಳಿಸುವ ನೆಪದಲ್ಲಿ ಹಣ ಹಿಡಿದುಕೊಳ್ಳಲೆಂದೇ ಗೋಡೆಯ ಫೋಟೊ ತೆಗೆಯುತ್ತಿದ್ದಾರೆ ಎಂಬ ಗುಮಾನಿ ಸಸ್ಪಿಷಸ್. ಮೇಲಧಿಕಾರಿಯ ಯೋಜನೆಗೆ ಅಂಕಿಅಂಶ ಕೇಳಬೇಕಾದ ಕಡೆ ‘ಐ ಆಮ್ ಇನ್‌ಕ್ರೆಡ್ಯುಲಸ್’ ಎಂದರೆ, ‘ಇದನ್ನು ಯಾರು ನಂಬುತ್ತಾರೆ!’ ಎಂದು ಮುಖಕ್ಕೆ ಹೇಳಿದಂತಾಗುತ್ತದೆ. ಅಲ್ಲಿ ‘ಐ ಹ್ಯಾವ್ ಸಮ್ ಡೌಟ್ಸ್’ ಎಂದರೆ ಸಾಕು.

ಇನ್ನು ಪದದ ಮುಂದೆ ಏನು ಬರಬೇಕೆಂಬ ಪ್ರಶ್ನೆ: ಸುದ್ದಿ ಕೇಳಿ ಎಂಬಲ್ಲಿ ‘ಆ್ಯಟ್’, ಪೂರ್ಣ ವಾಕ್ಯ ಮುಂದಿದ್ದರೆ ‘ದ್ಯಾಟ್’. ‘ಆಫ್’ ಮತ್ತು ‘ಅಬೌಟ್’ ಕೂಡ ಬಳಕೆಯಲ್ಲಿವೆ.

ಲಕ್ಷಣ: ದೂರಿನಲ್ಲಿ ಬರೆದದ್ದು ನಿಮ್ಮ ವಿರುದ್ಧವೇ ನಿಲ್ಲುವಂತಿದೆ

ಇಲ್ಲಿ ಕೈ ತೆಗೆದು ನಿಲ್ಲಬೇಕು. ‘ಇನ್’ ಕಳೆದರೆ ಉಳಿಯುವ ‘ಕ್ರೆಡ್ಯುಲಸ್’ ಎಂದರೆ ಹೇಳಿದ್ದನ್ನೆಲ್ಲ ನಂಬುವ, ನಾವು ಹಿತ್ತಾಳೆ ಕಿವಿ ಎನ್ನುತ್ತೇವಲ್ಲ, ಅದಕ್ಕೆ ಹತ್ತಿರದ ಸ್ವಭಾವ. ಫೋನ್ ವಂಚನೆಗೆ ಸಿಕ್ಕು ಹಣ ಕಳೆದುಕೊಂಡವರು, ‘ನಾನು ನಂಬಿಬಿಟ್ಟೆ’ ಎನ್ನಲು ಹೋಗಿ ‘ಐ ವಾಸ್ ಇನ್‌ಕ್ರೆಡ್ಯುಲಸ್ ಆ್ಯಂಡ್ ಪೇಯ್ಡ್’ ಎಂದು ಬರೆದರೆ, ‘ನಂಬಿಕೆ ಇರಲಿಲ್ಲ, ಆದರೂ ಹಣ ಕಟ್ಟಿದೆ’ ಎಂದಾಗುತ್ತದೆ. ಬ್ಯಾಂಕಿಗೋ ಪೊಲೀಸರಿಗೋ ಕೊಡುವ ಹೇಳಿಕೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಇಂಥ ಹೊತ್ತಿನಲ್ಲಿ ಪದದ ದುರಸ್ತಿಗೆ ಕೂರಬೇಡಿ. ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿ. ಲಿಖಿತ ದೂರನ್ನು ಕನ್ನಡದಲ್ಲಿಯೇ, ಯಾವ ಹೊತ್ತಿಗೆ ಯಾರು ಏನು ಹೇಳಿದರು, ನೀವು ಏನು ಮಾಡಿದಿರಿ ಎಂದು ಸರಳವಾಗಿ ಬರೆದುಕೊಡಿ.

ನ್ಯಾಯಾಲಯದ ಕಾಗದಗಳಲ್ಲಿ ಇನ್‌ಕ್ರೆಡಿಬಲ್ ಕೂಡ ಅಪಾಯದ ಪದ. ಅಲ್ಲಿ ಅದು ‘ಅದ್ಭುತ’ ಎಂಬ ಅರ್ಥಕ್ಕೆ ಬಂದಿಲ್ಲ. ಸಾಕ್ಷ್ಯ ಇನ್‌ಕ್ರೆಡಿಬಲ್ ಎಂದರೆ ನಂಬಲು ಯೋಗ್ಯವಲ್ಲ ಎಂದೇ ಅರ್ಥ. ಪ್ರಮಾಣಪತ್ರ, ಕರಾರು, ನೋಟಿಸಿಗೆ ಉತ್ತರ ಇವುಗಳಲ್ಲಿ ಈ ಎರಡರಲ್ಲಿ ಯಾವ ಪದ ಕಂಡರೂ ನೀವೇ ತಿದ್ದದೆ ವಕೀಲರಿಗೆ ತೋರಿಸಿ. ಬೇರೊಬ್ಬರ ಹೇಳಿಕೆಯನ್ನು ಅನುವಾದಿಸುತ್ತಿದ್ದರೆ, ಮೂಲದಲ್ಲಿ ತಪ್ಪಿದೆಯೆಂದು ತೋರಿದರೂ ಸದ್ದಿಲ್ಲದೆ ಸರಿಪಡಿಸುವ ಅಧಿಕಾರ ಅನುವಾದಕರಿಗೆ ಇಲ್ಲ; ಹೇಳಿಕೆ ಕೊಟ್ಟವರನ್ನೇ ಕೇಳಬೇಕು.

ಲಕ್ಷಣ: ತಪ್ಪು ಗೊತ್ತಾಗುವಷ್ಟರಲ್ಲಿ ಮೇಲ್ ಹೋಗಿಯಾಗಿತ್ತು

ಸಹೋದ್ಯೋಗಿಗೆ ಹೋದ ಸಾಮಾನ್ಯ ಮೇಲ್ ಆದರೆ ಬಿಟ್ಟುಬಿಡಬಹುದು. ಒಬ್ಬರ ಬಡ್ತಿ, ಶಿಫಾರಸು, ಮೌಲ್ಯಮಾಪನಕ್ಕೆ ಸಂಬಂಧಿಸಿದ್ದಾದರೆ ಅಂದೇ ತಿದ್ದಿದ ಪ್ರತಿಯನ್ನು ಕಳಿಸಬೇಕು, ಏಕೆಂದರೆ ಆ ಕಾಗದ ನಿಮ್ಮನ್ನು ಅರಿಯದವರ ಕೈಗೂ ಹೋಗುತ್ತದೆ. ಒಂದೇ ಸಾಲು ಸಾಕು: ಇಂಥ ಪದದ ಬದಲು ಇಂಥ ಪದವಿರಬೇಕಿತ್ತು, ತಿದ್ದಿದ ಪ್ರತಿ ಲಗತ್ತಿಸಿದೆ. ದೀರ್ಘ ಕ್ಷಮಾಪಣೆ ಬರೆದರೆ ಓದುವವರ ಗಮನ ತಪ್ಪಿನ ಮೇಲೆಯೇ ನಿಲ್ಲುತ್ತದೆ.

ಕಾರ್ಡ್ ಬರೆದಿದ್ದ ವಿದ್ಯಾರ್ಥಿನಿ ಇನ್ನೊಂದು ಕಾರ್ಡ್ ಕೊಂಡರು. ಎರಡು ದಿನ ಯೋಚಿಸಿ, ಕೊನೆಗೆ ಅದನ್ನು ಕನ್ನಡದಲ್ಲಿಯೇ ಬರೆದರು: ‘ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ರಾತ್ರಿಗಳಲ್ಲಿ, ನಮ್ಮನ್ನೆಲ್ಲ ಮನೆಗೆ ಕಳಿಸಿದ ಮೇಲೆ ತಾವು ಹೊರಡುತ್ತಿದ್ದಿರಿ. ಅದನ್ನು ನಾನು ಮರೆಯುವುದಿಲ್ಲ ಸರ್.’